ಕೊಬ್ಬಿನ ಹಗೇವು: ಧ್ರುವದ ಕಡಲುಗಳ ಪುಟ್ಟ ಜೀವಿಗಳು ಒಂದೊಂದು ಕಡೆ ಒಂದೊಂದು ಥರ ಯಾಕೆ?

2025ರ ಆಗಸ್ಟ್‌ನಲ್ಲಿ ಅಂಟಾರ್ಕ್ಟಿಕದ ಕಡೆಯಿಂದ ಒಂದು ಸುದ್ದಿ ಬಂತು. ಅಲ್ಲಿ ಕ್ರಿಲ್ ಹಿಡಿಯುತ್ತಿದ್ದ ಹಡಗುಗಳು ಬಲೆ ಎತ್ತಿಕೊಂಡು ಹೊರಡಬೇಕಾಯಿತು. ಆ ಭಾಗದಲ್ಲಿ ವರ್ಷಕ್ಕೆ 6.2 ಲಕ್ಷ ಟನ್ ಮಾತ್ರ ಹಿಡಿಯಬೇಕು ಅಂತ ಮಿತಿ ಇದೆ. ಸೀಸನ್ ಮುಗಿಯಲು ಇನ್ನೂ ತಿಂಗಳುಗಳು ಬಾಕಿ ಇರುವಾಗಲೇ ಆ ಮಿತಿ ಮುಟ್ಟಿಬಿಟ್ಟಿತ್ತು. ಹಾಗಾಗಿದ್ದು ಅದೇ ಮೊದಲ ಸಲ.

ಕ್ರಿಲ್ ಅಂದರೆ ಸಿಗಡಿಯ ಹಾಗೆ ಕಾಣುವ, ಹೆಬ್ಬೆರಳಿನಷ್ಟು ಉದ್ದದ ಒಂದು ಜೀವಿ. ಔಷಧಿ ಅಂಗಡಿಯಲ್ಲೋ ಆನ್‌ಲೈನ್‌ನಲ್ಲೋ ಕೆಂಪು ಬಣ್ಣದ 'ಕ್ರಿಲ್ ಆಯಿಲ್' ಕ್ಯಾಪ್ಸೂಲ್ ನೋಡಿದ್ದರೆ, ಅದರೊಳಗಿನ ಎಣ್ಣೆ ಇದರದ್ದೇ. ಮಂಗಳೂರು, ಕಾರವಾರದ ಕಡೆ ಒಣ ಸಿಗಡಿ ಚಟ್ನಿ ಮಾಡುವವರು ಒಂದು ಹಿಡಿ ಕ್ರಿಲ್ ಕಂಡರೆ ತಟ್ಟನೆ ಇದೂ ಸಿಗಡಿಯೇ ಅಂದುಬಿಡಬಹುದು. ಆದರೆ ಇದರ ಬದುಕೇ ಬೇರೆ.

ಸುದ್ದಿ ಓದಿದಾಗ ಒಂದು ಪ್ರಶ್ನೆ ಏಳುತ್ತೆ. ಅಷ್ಟು ದೊಡ್ಡ ಕಡಲಿದೆ, ಕೋಟಿಗಟ್ಟಲೆ ಟನ್ ಕ್ರಿಲ್ ಇದೆ. ಹಾಗಿದ್ದ ಮೇಲೆ ಚಿಂತೆ ಯಾಕೆ? ಉತ್ತರ ಬೇಕಾದರೆ ಮೊದಲು ಒಂದು ವಿಷಯ ಗೊತ್ತಾಗಬೇಕು. ಧ್ರುವದ ಕಡಲು ಅಂದ ತಕ್ಷಣ ನಮ್ಮ ಕಣ್ಣಿಗೆ ಬರುವುದು ಎಲ್ಲೆಲ್ಲೂ ಒಂದೇ ಥರದ ಬಿಳಿ, ಒಂದೇ ಥರದ ಥಂಡಿ. ನೀರೊಳಗೆ ಇಳಿದರೆ ಹಾಗಿಲ್ಲ. ನೂರು ಕಿಲೋಮೀಟರ್ ಆಚೆ ಹೋದರೆ ಜೀವಿಗಳೇ ಬದಲಾಗುತ್ತವೆ.

ಬಾವಿ ನೀರು ಸೋಸುತ್ತಿದ್ದ ಬಟ್ಟೆ

ಉತ್ತರ ಕರ್ನಾಟಕದ ಹಿರಿಯರಿಗೆ ನಾರುಹುಣ್ಣು ನೆನಪಿರುತ್ತೆ. ಕಾಲಿನ ಚರ್ಮ ಸೀಳಿಕೊಂಡು ಉದ್ದನೆಯ ಹುಳ ಹೊರಗೆ ಬರುತ್ತಿದ್ದ ಕಾಯಿಲೆ ಅದು. ಮೆಟ್ಟಿಲು ಬಾವಿಯ ನೀರು ಕುಡಿದವರಿಗೆ ಬರುತ್ತಿತ್ತು. ಹುಳದ ಮರಿ ನೀರಿನಲ್ಲಿರುವ ಸೈಕ್ಲಾಪ್ಸ್ ಎಂಬ ಪುಟ್ಟ ಜೀವಿಯ ಹೊಟ್ಟೆ ಸೇರಿರುತ್ತಿತ್ತು. ಅದಕ್ಕೇ ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಿರಿ ಅಂತ ಊರೂರಿನಲ್ಲಿ ಹೇಳುತ್ತಿದ್ದರು. ಸೈಕ್ಲಾಪ್ಸ್ ಬಟ್ಟೆಯ ಮೇಲೆ ಉಳಿದುಬಿಡುತ್ತಿತ್ತು, ಅಷ್ಟೇ. 2000ದಲ್ಲಿ ಭಾರತ ಈ ಕಾಯಿಲೆಯಿಂದ ಮುಕ್ತ ಅಂತ ಘೋಷಣೆಯಾಯಿತು.

ಆ ಸೈಕ್ಲಾಪ್ಸ್ ಒಂದು ಪ್ರಾಣಿಪ್ಲವಕ. ಅದು ಸೇರುವ ಗುಂಪಿನ ಹೆಸರು ಕೋಪೆಪಾಡ್. ಧ್ರುವದ ಕಡಲುಗಳನ್ನು ತುಂಬಿಕೊಂಡಿರುವುದು ಇದೇ ಕೋಪೆಪಾಡ್‌ಗಳ ಉಪ್ಪುನೀರಿನ ಬಳಗ.

ಪ್ಲವಕ, ಅಂದರೆ ಪ್ಲಾಂಕ್ಟನ್, ನೀರು ಎಳೆದುಕೊಂಡು ಹೋದ ಕಡೆ ಹೋಗುವ ಜೀವಿಗಳಿಗೆಲ್ಲ ಇರುವ ಒಟ್ಟು ಹೆಸರು. ಗ್ರೀಕ್‌ನಲ್ಲಿ 'ಅಲೆಮಾರಿ' ಎಂಬ ಅರ್ಥದ ಮಾತಿನಿಂದ ಜರ್ಮನಿಯ ವಿಕ್ಟರ್ ಹೆನ್ಸನ್ 1887ರಲ್ಲಿ ಈ ಪದ ಮಾಡಿದರು. ಇವಕ್ಕೆ ಈಜಲು ಬರುವುದಿಲ್ಲ ಅಂತಲ್ಲ. ಮೇಲೆ ಕೆಳಗೆ ಚೆನ್ನಾಗಿಯೇ ಓಡಾಡುತ್ತವೆ. ಆದರೆ ಕಡಲಿನ ಹರಿವಿಗೆ ಎದುರಾಗಿ ದೂರ ಹೋಗುವ ಶಕ್ತಿ ಇಲ್ಲ. ಬಿಸಿಲಲ್ಲಿ ತಮ್ಮ ಊಟ ತಾವೇ ಮಾಡಿಕೊಳ್ಳುವ ಸಣ್ಣ ಪಾಚಿಗಳು ಸಸ್ಯಪ್ಲವಕ. ಅವನ್ನು ತಿನ್ನುವ ಅಲೆಮಾರಿಗಳು, ಜೊತೆಗೆ ಆ ತಿನ್ನುವವರನ್ನೂ ತಿನ್ನುವ ಅಲೆಮಾರಿಗಳು, ಪ್ರಾಣಿಪ್ಲವಕ. ಕೋಪೆಪಾಡ್, ಕ್ರಿಲ್, ಲೋಳೆಯಂಥ ಮೈಯ ಸಾಲ್ಪ್, ಚಿಪ್ಪಿಗೆ ರೆಕ್ಕೆ ಬಂದಂತೆ ಕಾಣುವ ಕಡಲ ಚಿಟ್ಟೆ, ಬಾಣದ ಹುಳ, ಅಂಬಲಿ ಮೀನು, ಎಲ್ಲ ಇದರಲ್ಲಿ ಬರುತ್ತವೆ.

ಕೋಪೆಪಾಡ್‌ಗಳು ಹೇಗೆ ನೆಗೆಯುತ್ತವೆ ಅಂತ ನೋಡಬೇಕಾದರೆ ಧ್ರುವಕ್ಕೇ ಹೋಗಬೇಕಿಲ್ಲ. ಒಂದು ಕೆರೆಯ ಅಂಚಿನಿಂದ ಗಾಜಿನ ಲೋಟದಲ್ಲಿ ನೀರು ತುಂಬಿಕೊಂಡು ಬಿಸಿಲಿಗೆ ಹಿಡಿಯಿರಿ. ಸ್ವಲ್ಪ ಹೊತ್ತು ಸುಮ್ನೆ ನೋಡುತ್ತಿರಿ. ಧೂಳಿನ ಕಣ ಅಂದುಕೊಂಡಿದ್ದು ಇದ್ದಕ್ಕಿದ್ದಂತೆ ಟಕ್ ಅಂತ ನೆಗೆಯುತ್ತೆ, ನಿಲ್ಲುತ್ತೆ, ಮತ್ತೆ ನೆಗೆಯುತ್ತೆ. ಅದೇ ಕೋಪೆಪಾಡ್.

ಎರಡು ಧ್ರುವ, ಎರಡು ಬೇರೆ ಪಾತ್ರೆ

ಉತ್ತರದ ಆರ್ಕ್ಟಿಕ್ ಅಂದರೆ ಸುತ್ತ ನೆಲ, ನಡುವೆ ಕಡಲು. ದೊಡ್ಡ ಬೋಗುಣಿ ಇದ್ದ ಹಾಗೆ. ಅದರ ಹೆಚ್ಚುಕಮ್ಮಿ ಅರ್ಧ ಭಾಗ ಆಳವಿಲ್ಲದ ಅಂಚು. ನಡುವಿನ ಗುಂಡಿ ಮಾತ್ರ ಕೆಲವು ಕಡೆ 4,000 ಮೀಟರ್ ದಾಟುತ್ತೆ. ಹೊರಗಿನ ನೀರು ಬರಲು ಮುಖ್ಯವಾಗಿ ಎರಡು ದಾರಿ. ಅಟ್ಲಾಂಟಿಕ್ ಕಡೆಯಿಂದ ಗ್ರೀನ್‌ಲ್ಯಾಂಡ್ ಮತ್ತು ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳ ನಡುವಿನ ಆಳವಾದ ಫ್ರಾಮ್ ಜಲಸಂಧಿ ಮತ್ತು ಪಕ್ಕದ ಬೇರಂಟ್ಸ್ ಸಮುದ್ರ. ಪೆಸಿಫಿಕ್ ಕಡೆಯಿಂದ ಬೇರಿಂಗ್ ಜಲಸಂಧಿ. ಅದು ಸುಮಾರು 85 ಕಿಲೋಮೀಟರ್ ಅಗಲ, 50 ಮೀಟರ್ ಆಳ ಅಷ್ಟೇ.

ದಕ್ಷಿಣದ ಅಂಟಾರ್ಕ್ಟಿಕ ಇದಕ್ಕೆ ತಿರುಗುಮುರುಗು. ನಡುವೆ ನೆಲ, ಸುತ್ತ ಕಡಲು. ಆ ನೆಲದ ಸುತ್ತ ತಡೆಯೇ ಇಲ್ಲದೆ ಒಂದು ಭಾರಿ ಹರಿವು ಪಶ್ಚಿಮದಿಂದ ಪೂರ್ವಕ್ಕೆ ಸುತ್ತುತ್ತಲೇ ಇರುತ್ತೆ. ಅದರೊಳಗೆ ಒಂದು ಗಡಿ ಇದೆ. ಉತ್ತರದ ಸ್ವಲ್ಪ ಬೆಚ್ಚಗಿನ ನೀರಿನ ಅಡಿಗೆ ಅಂಟಾರ್ಕ್ಟಿಕದ ಕೊರೆಯುವ ನೀರು ಜಾರಿ ಇಳಿಯುವ ಜಾಗ ಅದು. ಹಡಗಿನಲ್ಲಿ ಈ ಗೆರೆ ದಾಟಿದರೆ ಸ್ವಲ್ಪವೇ ದೂರದಲ್ಲಿ ನೀರಿನ ಬಿಸಿ 2–3 ಡಿಗ್ರಿ ಇಳಿದುಬಿಡುತ್ತೆ. ಬಲೆಯಲ್ಲಿ ಸಿಗುವ ಜೀವಿಗಳೂ ಬದಲಾಗುತ್ತವೆ.

ಈ ಆಕಾರದಿಂದ ಒಂದು ದೊಡ್ಡ ವ್ಯತ್ಯಾಸ ಹುಟ್ಟುತ್ತೆ. ಆರ್ಕ್ಟಿಕ್‌ಗೆ ಹೊರಗಿನ ಜೀವಿಗಳು ನೀರಿನ ಜೊತೆ ತೇಲಿಕೊಂಡು ಒಳಗೆ ಬರುತ್ತಲೇ ಇರುತ್ತವೆ. ಅಂಟಾರ್ಕ್ಟಿಕಕ್ಕೆ ಹಾಗೆ ಸುಲಭವಾಗಿ ಬರಲಾಗದು. ಹಾಗಾಗಿ ಉತ್ತರದಲ್ಲಿ 'ಇದು ಯಾವ ಕಡಲಿನ ನೀರು' ಅಂತ ಮೊದಲು ಕೇಳಬೇಕು. ದಕ್ಷಿಣದಲ್ಲಿ 'ದಡದಿಂದ ಎಷ್ಟು ದೂರ, ಐಸ್ ಎಷ್ಟು ದಿನ ಇತ್ತು' ಅಂತ ಕೇಳಬೇಕು.

ವರ್ಷಕ್ಕೆ ಎರಡು ಬೆಳೆ

ಧ್ರುವದಲ್ಲಿ ಥಂಡಿಗಿಂತ ದೊಡ್ಡ ಕಷ್ಟ ಕತ್ತಲೆ. ಕಡಲ ನೀರು ಮೈನಸ್ 1.8 ಡಿಗ್ರಿ ಹತ್ತಿರ ಹೆಪ್ಪುಗಟ್ಟುತ್ತೆ, ಅಂದಮೇಲೆ ಐಸ್ ಕೆಳಗಿನ ನೀರು ಅದಕ್ಕಿಂತ ಜಾಸ್ತಿ ತಣ್ಣಗಾಗುವುದಿಲ್ಲ. ಆ ಚಳಿ ಇವಕ್ಕೆ ರೂಢಿ. ಆದರೆ ತಿಂಗಳುಗಟ್ಟಲೆ ಸೂರ್ಯನೇ ಇಲ್ಲದಿದ್ದರೆ ಪಾಚಿ ಬೆಳೆಯುವುದಿಲ್ಲ. ಪಾಚಿ ಇಲ್ಲದಿದ್ದರೆ ಊಟ ಇಲ್ಲ.

ನಮ್ಮ ರೈತರ ಲೆಕ್ಕದಲ್ಲಿ ಹೇಳುವುದಾದರೆ ಅಲ್ಲಿ ಎರಡು ಬೆಳೆ. ಮುಂಗಾರು ಬೆಳೆ ಬರುವುದು ಐಸ್‌ನ ಅಡಿಭಾಗದಲ್ಲಿ. ವಸಂತದಲ್ಲಿ ಸೂರ್ಯ ಮರಳಿದ ಮೇಲೆ ಐಸ್ ದಾಟಿ ಇಳಿಯುವ ಮಂದ ಬೆಳಕಿಗೇ ಅದರ ಅಡಿಯಲ್ಲಿ ಕಂದು ಪಾಚಿ ಹಿಡಿಯುತ್ತೆ. ಸ್ನಾನದ ಕಲ್ಲಿನ ಮೇಲೆ ಅಂಟುವ ಪಾಚಿಯ ಹಾಗೆ, ಆದರೆ ತಲೆಕೆಳಗಾಗಿ. ಆಮೇಲೆ ಐಸ್ ಕರಗಿ ನೀರು ತೆರೆದುಕೊಂಡಾಗ ಬಿಸಿಲು ನೇರವಾಗಿ ಬಿದ್ದು ನೀರಿನಲ್ಲೇ ಪಾಚಿ ಉಕ್ಕುತ್ತೆ. ಅದು ಹಿಂಗಾರು ಬೆಳೆ, ಇದೇ ದೊಡ್ಡದು. ಸ್ವಾಲ್ಬಾರ್ಡ್ ಉತ್ತರದ ರಿಪ್‌ಫ್ಯೋರ್ಡನ್ ಕೊಲ್ಲಿಯಲ್ಲಿ 2007ರಲ್ಲಿ ನೋಡಿದಾಗ ಈ ಎರಡರ ನಡುವೆ ಸುಮಾರು 2 ತಿಂಗಳ ಅಂತರ ಇತ್ತು.

ಐಸ್ ಎಷ್ಟು ದಪ್ಪ, ಯಾವಾಗ ಒಡೆಯುತ್ತೆ, ಮೇಲೆ ಹಿಮ ಎಷ್ಟು ಕೂತಿದೆ, ಇವೆಲ್ಲ ಜಾಗದಿಂದ ಜಾಗಕ್ಕೆ ಬೇರೆ. ಹಾಗಾಗಿ ಬೆಳೆ ಬರುವ ದಿನವೂ ಬೇರೆ. ಯಾರ ಸಂಸಾರದ ಲೆಕ್ಕ ಆ ದಿನಕ್ಕೆ ಹೊಂದುತ್ತೋ ಅವರು ಅಲ್ಲಿ ನಿಲ್ಲುತ್ತಾರೆ.

ಮೂವರು ಅಕ್ಕತಂಗಿಯರು

ಇಡೀ ವಿಷಯ ಇಲ್ಲಿ ಒಂದೇ ಕುಟುಂಬದಲ್ಲಿ ಸ್ಪಷ್ಟವಾಗಿ ಕಾಣುತ್ತೆ. ಅದಕ್ಕೇ ಸ್ವಲ್ಪ ನಿಧಾನವಾಗಿ ನೋಡೋಣ.

ಆರ್ಕ್ಟಿಕ್‌ನಲ್ಲಿ ಕೆಲಾನಸ್ ಎಂಬ ಕುಲದ ಮೂರು ಕೋಪೆಪಾಡ್‌ಗಳಿವೆ. ಕಿರಿಯಳು ಫಿನ್‌ಮಾರ್ಕಿಕಸ್, 2–3 ಮಿಲಿಮೀಟರ್, ಒಂದು ಎಳ್ಳಿನಷ್ಟು. ನಡುವಿನವಳು ಗ್ಲೇಸಿಯಾಲಿಸ್, 3–5 ಮಿಲಿಮೀಟರ್. ಹಿರಿಯಳು ಹೈಪರ್‌ಬೋರಿಯಸ್, ಸುಮಾರು 7 ಮಿಲಿಮೀಟರ್, ಅಕ್ಕಿಕಾಳಿನಷ್ಟು ಉದ್ದ.

ಹಿರಿಯಳನ್ನು ಗಾಜಿನ ತಟ್ಟೆಯಲ್ಲಿಟ್ಟು ಬೆಳಕು ಬಿಟ್ಟರೆ ಮೈ ಪೂರ್ತಿ ಗಾಜು. ಮೀಸೆಯಂಥ ಎರಡು ಉದ್ದನೆಯ ಕೊಂಬುಗಳು ಎರಡೂ ಪಕ್ಕಕ್ಕೆ ಚಾಚಿರುತ್ತವೆ, ಅಲ್ಲಲ್ಲಿ ಕೆಂಪು. ಬೆನ್ನುದ್ದಕ್ಕೂ ಒಳಗೆ ಒಂದು ಚೀಲ. ಅದರಲ್ಲಿ ತಿಳಿಯಾದ ಎಣ್ಣೆ, ದೀಪಕ್ಕೆ ಹಾಕುವ ಎಣ್ಣೆಯ ಹಾಗೆ ಹೊಳೆಯುತ್ತೆ. ಬೇಸಿಗೆ ಮುಗಿಯುವ ಹೊತ್ತಿಗೆ ಕೆಲವಕ್ಕೆ ಮೈಯ ಬಹುಪಾಲು ಆ ಚೀಲವೇ. ನೀರಿನಂಶ ತೆಗೆದು ತೂಗಿದರೆ ಅರ್ಧಕ್ಕಿಂತ ಜಾಸ್ತಿ ಕೊಬ್ಬು.

ವಿಜಯಪುರ, ಕಲಬುರಗಿ ಕಡೆ ಹಿಂದೆ ಜೋಳವನ್ನು ನೆಲದಡಿ ಹಗೇವಿನಲ್ಲಿ ತುಂಬಿಡುತ್ತಿದ್ದರಲ್ಲ, ಬರ ಬಂದರೂ ಮನೆ ನಡೆಯಲಿ ಅಂತ. ಈ ಎಣ್ಣೆ ಚೀಲವೂ ಅಂಥ ಹಗೇವೇ. ಹಿಂಗಾರು ಬೆಳೆ ಮುಗಿಯುತ್ತಿದ್ದಂತೆ ಇವು ಹಗೇವು ತುಂಬಿಕೊಂಡು ಆಳಕ್ಕೆ ಇಳಿಯುತ್ತವೆ. ಆಳದ ಕಡಲಿರುವ ಕಡೆ 500ರಿಂದ 2,000 ಮೀಟರ್ ಕೆಳಗೆ. ಅಲ್ಲಿ ಊಟ ಬಿಟ್ಟು, ಓಡಾಟ ಬಿಟ್ಟು, ಎಲ್ಲವನ್ನೂ ನಿಧಾನ ಮಾಡಿಕೊಂಡು ತಿಂಗಳುಗಟ್ಟಲೆ ಹಾಗೇ ಇರುತ್ತವೆ.

ಆದರೆ ಮೂವರೂ ಆ ಹಗೇವನ್ನು ಖರ್ಚು ಮಾಡುವ ಬಗೆ ಒಂದೇ ಅಲ್ಲ.

ಕಿರಿಯಳು ದಿನಗೂಲಿಯವಳು. ಆಯಸ್ಸು ಒಂದು ವರ್ಷ. ಮೊಟ್ಟೆ ಇಡಲು ಅವಳಿಗೆ ಆ ಹೊತ್ತಿನ ತಾಜಾ ಪಾಚಿ ಬೇಕು. ಅದಕ್ಕೇ ಐಸ್ ಕಮ್ಮಿ ಇರುವ, ಬೇಸಿಗೆ ಉದ್ದವಾಗಿರುವ ಅಟ್ಲಾಂಟಿಕ್ ನೀರೇ ಅವಳ ಮನೆ. ನಾರ್ವೆಯ ಸಮುದ್ರದಲ್ಲಿ ಅವಳದ್ದೇ ರಾಜ್ಯ.

ನಡುವಿನವಳು ಎರಡೂ ಬೆಳೆ ಹಿಡಿಯುವ ಜಾಣೆ. ಆರ್ಕ್ಟಿಕ್‌ನ ಆಳವಿಲ್ಲದ ಅಂಚಿನಲ್ಲಿರುತ್ತಾಳೆ. ಮುಂಗಾರು ಬೆಳೆಯನ್ನು, ಅಂದರೆ ಐಸ್ ಅಡಿಯ ಪಾಚಿಯನ್ನು, ತಿಂದು ಮೊಟ್ಟೆ ಇಡುತ್ತಾಳೆ. ಆ ಥಂಡಿಯಲ್ಲಿ ಮೊಟ್ಟೆ ಒಡೆದು ಮರಿ ತಿನ್ನುವ ಹಂತಕ್ಕೆ ಬರಲು ವಾರಗಳೇ ಬೇಕು. ಅಷ್ಟರಲ್ಲಿ ಹಿಂಗಾರು ಬೆಳೆ ಶುರುವಾಗಿರುತ್ತೆ. ತಾಯಿಗೆ ಒಂದು ಬೆಳೆ, ಮಕ್ಕಳಿಗೆ ಇನ್ನೊಂದು. ಐಸ್ ಬೇಗ ಒಡೆದು ಎರಡು ಬೆಳೆಯ ಅಂತರ ಕುಗ್ಗಿದರೆ ಮರಿಗಳು ಬಾಯಿ ತೆರೆಯುವ ಹೊತ್ತಿಗೆ ಒಳ್ಳೆಯ ಊಟ ಮುಗಿದುಹೋಗಿರಬಹುದು. ಹದ ತಪ್ಪಿದ ಬಿತ್ತನೆ ಅಂತೀವಲ್ಲ, ಥೇಟ್ ಹಾಗೆ.

ಹಿರಿಯಳು ಇವರಿಬ್ಬರಿಗಿಂತ ಬೇರೆ. ಅವಳ ಊರು ನಡುವಿನ ಆಳದ ಗುಂಡಿ ಮತ್ತು ಗ್ರೀನ್‌ಲ್ಯಾಂಡ್ ಸಮುದ್ರ. ಅಲ್ಲಿ ಬೇಸಿಗೆ ತೀರಾ ಚಿಕ್ಕದು, ಬೆಳೆಯನ್ನು ನಂಬಲಾಗದು. ಅವಳು ನಂಬುವುದು ಕೂಡಿಟ್ಟಿದ್ದನ್ನು ಮಾತ್ರ. 2ರಿಂದ 5 ವರ್ಷ ಬದುಕಿ, ಬೇಸಿಗೆ ಬೇಸಿಗೆಗೂ ಕೊಬ್ಬು ಸೇರಿಸಿಕೊಳ್ಳುತ್ತಾಳೆ. ಕೊನೆಗೆ ನಡುಚಳಿಗಾಲದಲ್ಲಿ, ಆಳದಲ್ಲೇ, ಕಗ್ಗತ್ತಲಲ್ಲಿ, ಏನೂ ತಿನ್ನದೆ ಬರೀ ಹಗೇವಿನ ಬಲದಿಂದ ಮೊಟ್ಟೆ ಇಡುತ್ತಾಳೆ. ಮೊಟ್ಟೆಯಲ್ಲೂ ಕೊಬ್ಬು ತುಂಬಿರುವುದರಿಂದ ಅವು ತಾವಾಗಿಯೇ ಮೇಲಕ್ಕೆ ತೇಲುತ್ತವೆ. ಸೂರ್ಯ ಬರುವ ಹೊತ್ತಿಗೆ ಮರಿಗಳು ಮೇಲಿರುತ್ತವೆ. ನನಗಂತೂ ಈ ಇಡೀ ಕಥೆಯಲ್ಲಿ ತುಂಬಾ ಇಷ್ಟವಾದ ಭಾಗ ಇದು. ಅಕ್ಕಿಕಾಳಿನಷ್ಟು ಜೀವ, ಸೂರ್ಯನನ್ನು ಕಾಣುವ ಮೊದಲೇ ಸೂರ್ಯನಿಗಾಗಿ ಸಂಸಾರ ಶುರು ಮಾಡಿರುತ್ತೆ.

ಈ ಮೂವರನ್ನು ಬಹಳ ಕಾಲ ಉದ್ದ ಅಳೆದೇ ಗುರುತಿಸುತ್ತಿದ್ದರು. ಡಿಎನ್‌ಎ ಪರೀಕ್ಷೆ ಬಂದ ಮೇಲೆ ಗೊತ್ತಾಯಿತು, ಕಿರಿಯಳೂ ನಡುವಿನವಳೂ ಅಳತೆಯಲ್ಲಿ ಒಂದರೊಳಗೊಂದು ಬೆರೆಯುತ್ತಾರೆ. ಹಳೆಯ ಎಣಿಕೆಗಳಲ್ಲಿ ಎಷ್ಟೋ ಕಡೆ ಒಬ್ಬಳ ಹೆಸರನ್ನು ಇನ್ನೊಬ್ಬಳಿಗೆ ಬರೆದಿದ್ದಾರೆ.

ಹಕ್ಕಿಗೆ ಗೊತ್ತಿರುವ ವ್ಯತ್ಯಾಸ

ಯಾವ ಕೆಲಾನಸ್ ಇದ್ದರೇನು, ಎಲ್ಲ ಎಣ್ಣೆಯೇ ಅಲ್ವಾ? ಅಲ್ಲ. ನಡುವಿನವಳಲ್ಲಿ ಕಿರಿಯಳಿಗಿಂತ ಹಲವು ಪಟ್ಟು ಕೊಬ್ಬಿರುತ್ತೆ, ಹಿರಿಯಳಲ್ಲಿ ಇನ್ನೂ ಜಾಸ್ತಿ.

ಲಿಟಲ್ ಆಕ್ ಅಂತ ಒಂದು ಪುಟ್ಟ ಕಡಲಹಕ್ಕಿ ಇದೆ, ಕಪ್ಪು ಬಿಳುಪು. ಇದರ ಮುಖ್ಯ ಊಟ ಈ ಕೋಪೆಪಾಡ್‌ಗಳೇ. ಪೂರ್ವ ಗ್ರೀನ್‌ಲ್ಯಾಂಡ್‌ನಲ್ಲಿ ಲೆಕ್ಕ ಹಾಕಿದಾಗ ಒಂದು ಹಕ್ಕಿಗೆ ದಿನಕ್ಕೆ ಸುಮಾರು 60,000 ಕೋಪೆಪಾಡ್ ಬೇಕು ಅಂತ ಕಂಡಿತು. ನೀರೊಳಗಿರುವ ಹೊತ್ತಿನಲ್ಲಿ ಸೆಕೆಂಡಿಗೆ ಸುಮಾರು 6. ಈಗ ಯೋಚಿಸಿ, ದೊಡ್ಡವರ ಬದಲು ಎಳ್ಳಿನಷ್ಟವರೇ ಸಿಕ್ಕರೆ? ಅಷ್ಟೇ ಕೊಬ್ಬಿಗೆ ಎಷ್ಟೋ ಪಟ್ಟು ಜಾಸ್ತಿ ಹಿಡಿಯಬೇಕು, ಇಲ್ಲವೇ ಥಂಡಿ ನೀರು ಹುಡುಕಿಕೊಂಡು ದೂರ ಹಾರಬೇಕು. ಸ್ವಾಲ್ಬಾರ್ಡ್‌ನಲ್ಲಿ ಬೆಚ್ಚಗಿನ ಅಟ್ಲಾಂಟಿಕ್ ನೀರಿನ ಪಕ್ಕ ಗೂಡು ಕಟ್ಟಿದ ಹಕ್ಕಿಗಳು ಹಾಗೆ ದೂರ ಹೋಗಿ ಮರಿಗೆ ತುತ್ತು ತರುವುದನ್ನು ಕಂಡಿದ್ದಾರೆ.

ನಮ್ಮವರೂ ನೋಡುತ್ತಿರುವ ಒಂದು ಕೊಲ್ಲಿ

ಸ್ವಾಲ್ಬಾರ್ಡ್‌ನ ಪಶ್ಚಿಮದಲ್ಲಿ ನಿ-ಒಲೆಸುಂಡ್ ಎಂಬ ಊರಿದೆ. ಭಾರತದ ಹಿಮಾದ್ರಿ ಸಂಶೋಧನಾ ಕೇಂದ್ರ 2008ರಿಂದ ಅಲ್ಲೇ ಇದೆ, ಅದನ್ನು ನಡೆಸುವುದು ಗೋವಾದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ. ಊರಿನ ಎದುರಿಗಿರುವ ಕಾಂಗ್ಸ್‌ಫ್ಯೋರ್ಡನ್ ಕೊಲ್ಲಿಯಲ್ಲಿ 2014ರಲ್ಲಿ ಭಾರತ 'ಇಂಡ್‌ಆರ್ಕ್' ಎಂಬ ಅಳತೆ ಸಾಧನಗಳ ಸರಪಳಿ ಇಳಿಬಿಟ್ಟಿತು, 192 ಮೀಟರ್ ಆಳದಲ್ಲಿ ಲಂಗರು ಹಾಕಿ. ನೀರಿನ ಬಿಸಿ, ಉಪ್ಪಿನಂಶದಂಥವನ್ನು ಅದು ದಾಖಲಿಸುತ್ತೆ.

ಈ ಕೊಲ್ಲಿಯೇ ಯಾಕೆ? ಇಲ್ಲಿ ಎರಡು ನೀರು ಒಂದರ ಮೇಲೊಂದು ಬೀಳುತ್ತವೆ. ಹೊರಗೆ ಅಟ್ಲಾಂಟಿಕ್‌ನ ಬೆಚ್ಚಗಿನ ಉಪ್ಪುನೀರು ಉತ್ತರಕ್ಕೆ ಹರಿಯುತ್ತೆ. ದಡದ ಪಕ್ಕದಲ್ಲೇ ಆರ್ಕ್ಟಿಕ್‌ನ ತಣ್ಣನೆ ನೀರು. ಅಟ್ಲಾಂಟಿಕ್ ಒಳನುಗ್ಗಿದ ವರ್ಷ ಬಲೆಯಲ್ಲಿ ಫಿನ್‌ಮಾರ್ಕಿಕಸ್ ಪಾಲು ಏರುತ್ತೆ. ತಣ್ಣನೆ ವರ್ಷ ಗ್ಲೇಸಿಯಾಲಿಸ್ ಮೇಲುಗೈ. ಬಲೆಯಲ್ಲಿ ಯಾರು ಜಾಸ್ತಿ ಅಂತ ನೋಡಿ, ಆ ವರ್ಷ ಯಾವ ನೀರು ಗೆದ್ದಿತು ಅಂತ ಹೇಳಬಹುದು. 2006ರಿಂದೀಚೆಗೆ ಈ ಕೊಲ್ಲಿಯಲ್ಲಿ ಚಳಿಗಾಲದ ಐಸ್ ತುಂಬಾ ಕಮ್ಮಿಯಾಗಿದೆ.

ಪೆಸಿಫಿಕ್ ಕಡೆಯ ಬೇರಿಂಗ್ ಸಮುದ್ರದಲ್ಲೂ ಇಂಥದ್ದೇ ನಡೆದಿದೆ. 2001ರಿಂದ 2005ರವರೆಗೆ ಅಲ್ಲಿ ಬೆಚ್ಚಗಿನ ವರ್ಷಗಳು. ದೊಡ್ಡ ಕೋಪೆಪಾಡ್‌ಗಳು ಕಮ್ಮಿಯಾದವು. ಪೊಲಾಕ್ ಮೀನಿನ ಮರಿಗಳು ಬೇಸಿಗೆಯಲ್ಲಿ ಚೆನ್ನಾಗಿ ಬೆಳೆದ ಹಾಗೆ ಕಂಡವು, ಆದರೆ ಮೈಯಲ್ಲಿ ಕೊಬ್ಬಿರಲಿಲ್ಲ. ಚಳಿಗಾಲ ದಾಟಿದ್ದು ಸ್ವಲ್ಪವೇ. ಮುಂದೆ ಮೀನಿನ ರಾಶಿ ಇಳಿದು, 2009ರಲ್ಲಿ ಹಿಡಿಯುವ ಮಿತಿಯನ್ನು ಸುಮಾರು 8.15 ಲಕ್ಷ ಟನ್ನಿಗೆ ಇಳಿಸಬೇಕಾಯಿತು. ಅದಕ್ಕೆ ಕೆಲವೇ ವರ್ಷ ಮೊದಲು 14 ಲಕ್ಷ ಟನ್ನಿಗೂ ಜಾಸ್ತಿ ಇತ್ತು. ಭೂತಾಯಿ, ಬಂಗುಡೆ ಬಾರದ ವರ್ಷ ಕರಾವಳಿಯ ಮನೆಗಳಲ್ಲಿ ಏನಾಗುತ್ತೆ ಅಂತ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ದಕ್ಷಿಣದಲ್ಲಿ ಕ್ರಿಲ್ ರಾಜ್ಯ

ಅಂಟಾರ್ಕ್ಟಿಕದಲ್ಲೂ ಕೋಪೆಪಾಡ್‌ಗಳು ಲೆಕ್ಕವಿಲ್ಲದಷ್ಟಿವೆ. ತಲೆ ಎಣಿಸಿದರೆ ಅವೇ ಜಾಸ್ತಿ, ಅದರಲ್ಲೂ 1 ಮಿಲಿಮೀಟರ್ ಕೂಡ ಇಲ್ಲದ ಒಯಿಥೋನಾ ಎಂಬುದು. ಆದರೆ ಅಲ್ಲಿನ ತಿಮಿಂಗಿಲ, ಪೆಂಗ್ವಿನ್, ಸೀಲ್‌ಗಳ ಊಟದ ತಟ್ಟೆಯಲ್ಲಿ ನಡುವೆ ಕೂತಿರುವುದು ಕ್ರಿಲ್.

ಒಂದು ಕ್ರಿಲ್ 6 ಸೆಂಟಿಮೀಟರ್ ವರೆಗೆ ಬೆಳೆಯುತ್ತೆ, ತೂಕ 2 ಗ್ರಾಂ ಆಗುತ್ತೆ, 5–6 ವರ್ಷ ಬದುಕುತ್ತೆ. ಮುಂದಿನ ಕಾಲುಗಳ ಮೇಲೆ ಸಣ್ಣ ಕೂದಲುಗಳಿವೆ. ಕಾಲುಗಳನ್ನು ಒಟ್ಟಿಗೆ ಹಿಡಿದರೆ ಅದೇ ಜರಡಿ. ನೀರು ಹೊರಗೆ, ಪಾಚಿ ಬಾಯಿಗೆ. ಹೊಟ್ಟೆ ತುಂಬಿದ ಕ್ರಿಲ್‌ನ ತಲೆಯ ಹಿಂದೆ ಹಸಿರು ಚುಕ್ಕೆ ಹೊರಗಿನಿಂದಲೇ ಕಾಣುತ್ತೆ. ಗುಂಪು ಕಟ್ಟಿದಾಗ ಒಂದು ಘನ ಮೀಟರ್ ನೀರಿನಲ್ಲಿ 10,000ಕ್ಕೂ ಮೇಲೆ ಸೇರಿರುವುದುಂಟು.

ಕೊಬ್ಬು ಕೂಡಿಡುವುದರ ಜೊತೆಗೆ ಕ್ರಿಲ್‌ಗೆ ಇನ್ನೊಂದು ಉಪಾಯ ಗೊತ್ತು. ಊಟವಿಲ್ಲದಿದ್ದರೆ ತಾನೇ ಕುಗ್ಗುತ್ತೆ. ಚಿಪ್ಪು ಕಳಚುತ್ತಾ ಪ್ರತಿ ಸಲ ಸ್ವಲ್ಪ ಸಣ್ಣ ಚಿಪ್ಪು ಕಟ್ಟಿಕೊಳ್ಳುತ್ತೆ. ಪ್ರಯೋಗಾಲಯದಲ್ಲಿ ಹಾಗೆ 200 ದಿನಕ್ಕೂ ಜಾಸ್ತಿ ಏನೂ ತಿನ್ನದೆ ಬದುಕಿದ್ದನ್ನು 1980ರ ದಶಕದಲ್ಲೇ ವರದಿ ಮಾಡಿದ್ದಾರೆ.

ಮರಿಗಳಿಗೆ ಆ ತಾಳ್ಮೆ ಇಲ್ಲ. ಕ್ರಿಲ್ ಮೊಟ್ಟೆ ಮುಳುಗುತ್ತೆ. ನೂರಾರು ಮೀಟರ್ ಕೆಳಗೆ ಒಡೆದು, ಮರಿ ವಾರಗಟ್ಟಲೆ ಮೇಲಕ್ಕೆ ಈಜುತ್ತಾ ಬರುತ್ತೆ. ಮೊದಲ ಚಳಿಗಾಲಕ್ಕೆ ಅದರ ಬಳಿ ಕೂಡಿಟ್ಟಿದ್ದು ತುಂಬಾ ಕಮ್ಮಿ. ಐಸ್‌ನ ಅಡಿಗೆ ತಲೆಕೆಳಗಾಗಿ ನೇತುಬಿದ್ದು, ಅಂಟಿದ ಪಾಚಿಯನ್ನು ಕೆರೆದು ತಿನ್ನುತ್ತಾ ಚಳಿಗಾಲ ಕಳೆಯುತ್ತೆ. ಅದಕ್ಕೇ ದಕ್ಷಿಣದಲ್ಲಿ 'ಐಸ್ ಎಷ್ಟು ದಿನ ಇತ್ತು' ಎಂಬ ಪ್ರಶ್ನೆ ಇಷ್ಟು ಮುಖ್ಯ. 2023ರ ಸೆಪ್ಟೆಂಬರ್‌ನಲ್ಲಿ ಅಂಟಾರ್ಕ್ಟಿಕದ ಐಸ್ ತನ್ನ ವರ್ಷದ ಗರಿಷ್ಠ ಮುಟ್ಟಿದಾಗಲೂ ಸುಮಾರು 1.7 ಕೋಟಿ ಚದರ ಕಿಲೋಮೀಟರ್ ಮಾತ್ರ ಇತ್ತು. ಅದುವರೆಗಿನ ಕನಿಷ್ಠ ದಾಖಲೆಗಿಂತ ಸುಮಾರು 10 ಲಕ್ಷ ಚದರ ಕಿಲೋಮೀಟರ್ ಕಮ್ಮಿ.

ಹಾಗಂತ ಕ್ರಿಲ್ ಎಲ್ಲ ಕಡೆ ಇಲ್ಲ. ಭಾರತದ ಭಾರತಿ ಕೇಂದ್ರ ಇರುವುದು ಪೂರ್ವ ಅಂಟಾರ್ಕ್ಟಿಕದ ಪ್ರಿಡ್ಜ್ ಕೊಲ್ಲಿಯ ದಡದಲ್ಲಿ. ಆ ಕೊಲ್ಲಿಯಲ್ಲಿ ದಡದಿಂದ ಹೊರಕ್ಕೆ ಬಲೆ ಎಳೆಯುತ್ತಾ ಹೋದರೆ ಮೂರು ಊರು ದಾಟಿದಂತಾಗುತ್ತೆ. ದಡದ ಹತ್ತಿರ ತೀರಾ ತಣ್ಣನೆ ನೀರಿನಲ್ಲಿ 'ಐಸ್ ಕ್ರಿಲ್' ಎಂಬ ಚಿಕ್ಕ ಜಾತಿ. ಕಡಲ ತಳ ಇಳಿಜಾರಾಗುವ ಅಂಚಿನ ಆಸುಪಾಸಿನಲ್ಲಿ ದೊಡ್ಡ ಕ್ರಿಲ್. ಅದರಾಚೆಯ ಆಳದ ಕಡಲಿನಲ್ಲಿ ಕೋಪೆಪಾಡ್‌ಗಳು. ಕ್ರಿಲ್ ಹುಡುಕಿಕೊಂಡು ಭಾರತದ 'ಸಾಗರ ಸಂಪದ' ಹಡಗು ಕೂಡ 1995–96ರಲ್ಲಿ ಅಂಟಾರ್ಕ್ಟಿಕದ ಸುತ್ತಲಿನ ದಕ್ಷಿಣ ಸಾಗರಕ್ಕೆ ಹೋಗಿತ್ತು.

ಇನ್ನು ಸಾಲ್ಪ್. ಪಾರದರ್ಶಕವಾದ, ಲೋಳೆಯ ಪೀಪಾಯಿಯಂಥ ಜೀವಿ. ಒಂದು ತುದಿಯಲ್ಲಿ ನೀರು ಎಳೆದುಕೊಂಡು ಇನ್ನೊಂದು ತುದಿಯಲ್ಲಿ ಬಿಡುತ್ತೆ, ಹಾಗೇ ಮುಂದೆ ಸಾಗುತ್ತೆ, ಹಾಗೇ ಸೋಸಿ ತಿನ್ನುತ್ತೆ. ಗಂಡು ಹೆಣ್ಣು ಕೂಡಬೇಕೆಂದೂ ಇಲ್ಲ. ಒಂಟಿ ಸಾಲ್ಪ್ ತನ್ನ ಮೈಯಿಂದಲೇ ಮಾಲೆಯ ಹಾಗೆ ಮರಿಗಳ ಸರ ಬಿಡುತ್ತೆ. ಐಸ್ ಕಮ್ಮಿ ಇರುವ, ಪಾಚಿ ತೆಳುವಾಗಿರುವ, ಸ್ವಲ್ಪ ಬೆಚ್ಚಗಿನ ನೀರು ಅದಕ್ಕೆ ಒಗ್ಗುತ್ತೆ. ಮೈ ತುಂಬಾ ನೀರೇ. ಕ್ರಿಲ್ ತಿಂದು ಬದುಕುವ ಪೆಂಗ್ವಿನ್‌ಗೆ ಸಾಲ್ಪ್ ಅಂದರೆ ಅನ್ನದ ಬದಲು ತಿಳಿಗಂಜಿ.

ಕತ್ತಲಲ್ಲಿ ಎಲ್ಲ ಮಲಗಿರುತ್ತವಾ?

ಬಹಳ ದಿನ ಹಾಗೇ ನಂಬಿದ್ದರು. ಬೇರೆ ಕಡಲುಗಳಲ್ಲಿ ಪ್ಲವಕಗಳು ರಾತ್ರಿ ಮೇಲೆ ಬಂದು ತಿಂದು, ಬೆಳಗಾದರೆ ಮೀನಿನ ಕಣ್ಣಿಗೆ ಬೀಳದಂತೆ ಕೆಳಗಿಳಿಯುತ್ತವೆ. ಧ್ರುವದ ಚಳಿಗಾಲದಲ್ಲಿ ಹಗಲೇ ಇಲ್ಲ, ಆಗ ಓಡಾಟ ಯಾಕೆ? ಆದರೆ ಆರ್ಕ್ಟಿಕ್ ಕಡಲಿನಲ್ಲಿ ಇಳಿಬಿಟ್ಟ ಧ್ವನಿ ಸಾಧನಗಳ ದಾಖಲೆ ನೋಡಿದಾಗ ಬೇರೆಯದೇ ಕಂಡಿತು. 2016ರಲ್ಲಿ ಬಂದ ಅಧ್ಯಯನದ ಪ್ರಕಾರ ಚಳಿಗಾಲದಲ್ಲಿ ಅವು ಸೂರ್ಯನ ಬದಲು ಚಂದ್ರನ ವೇಳೆಗೆ ಏರಿಳಿಯುತ್ತವೆ. ಪ್ರತಿ 29.5 ದಿನಕ್ಕೆ, ಹುಣ್ಣಿಮೆಯ ಆಸುಪಾಸಿನಲ್ಲಿ, ಮೇಲಿನ ನೀರಿನವು 50 ಮೀಟರ್ ಸುತ್ತಮುತ್ತ ಇಳಿದುಬಿಡುತ್ತವೆ. ಬೆಳದಿಂಗಳಲ್ಲಿ ಬೇಟೆಯಾಡುವವರಿಂದ ತಪ್ಪಿಸಿಕೊಳ್ಳಲು ಇರಬೇಕು ಅಂತ ಊಹೆ. ಇನ್ನೊಂದು ಮಾತು: ದೀಪ ಹಚ್ಚಿಕೊಂಡು ನಿಂತ ಹಡಗಿನ ಕೆಳಗೆ 200 ಮೀಟರ್ ಆಳದವರೆಗೂ ಜೀವಿಗಳ ನಡವಳಿಕೆ ಬದಲಾಗುತ್ತೆ ಅಂತ 2020ರಲ್ಲಿ ತಿಳಿಯಿತು. ನೋಡಲು ಹೋದವರ ಬೆಳಕೇ ನೋಟವನ್ನು ಬದಲಿಸುತ್ತಿತ್ತು.

ಎಣಿಸುವುದು ಹೇಗೆ?

ಬಲೆ ಮತ್ತು ತಾಳ್ಮೆಯಿಂದ. ಆಲಿಕೆಯಂಥ, ಸಣ್ಣ ಕಣ್ಣಿನ ಬಲೆಯನ್ನು ಆಳಕ್ಕಿಳಿಸಿ ಮೇಲೆಳೆಯುತ್ತಾರೆ. ಕೊನೆಯ ಡಬ್ಬಿಯಲ್ಲಿ ಸಿಕ್ಕಿದ್ದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಒಂದೊಂದಾಗಿ ಎಣಿಸುತ್ತಾರೆ. ಇಲ್ಲೊಂದು ಎಡವಟ್ಟಿದೆ. ಬಲೆಯ ಕಣ್ಣು ದೊಡ್ಡದಿದ್ದರೆ ಒಯಿಥೋನಾದಂಥವು ತಪ್ಪಿಸಿಕೊಳ್ಳುತ್ತವೆ. ಕಣ್ಣು ತೀರಾ ಸಣ್ಣದಿದ್ದರೆ ಬಲೆ ನಿಧಾನವಾಗಿ, ಕ್ರಿಲ್ ಪಕ್ಕಕ್ಕೆ ಓಡಿಬಿಡುತ್ತೆ. ರವೆ ಜರಡಿಯಲ್ಲಿ ಹಿಟ್ಟು ಅಳೆದ ಹಾಗೆ. ಹಾಗಾಗಿ ಎರಡು ಕಡಲನ್ನು ಹೋಲಿಸುವಾಗ ಬಲೆಯೂ ಒಂದೇ ಥರ ಇತ್ತಾ ಅಂತ ಮೊದಲು ನೋಡಬೇಕು.

ಬ್ರಿಟನ್ನಿನ ಅಲಿಸ್ಟರ್ ಹಾರ್ಡಿ ಇದಕ್ಕೊಂದು ಉಪಾಯ ಕಂಡುಹಿಡಿದರು. 1925ರಲ್ಲಿ 'ಡಿಸ್ಕವರಿ' ಹಡಗಿನಲ್ಲಿ ದಕ್ಷಿಣ ಸಾಗರಕ್ಕೆ ಹೊರಟಾಗ ತಮ್ಮ ಪ್ಲವಕ ದಾಖಲೆ ಯಂತ್ರವನ್ನು ಜೊತೆಗೆ ಕೊಂಡೊಯ್ದರು. ಹಡಗಿನ ಹಿಂದೆ ಕಟ್ಟಿ ಎಳೆಯುವ ಲೋಹದ ಪೆಟ್ಟಿಗೆ ಅದು. ಒಳಗೆ ರೇಷ್ಮೆ ಪಟ್ಟಿಯ ಸುರುಳಿ. ನೀರು ಒಳಬಂದಂತೆ ರೇಷ್ಮೆ ನಿಧಾನವಾಗಿ ಬಿಚ್ಚಿಕೊಳ್ಳುತ್ತೆ, ಜೀವಿಗಳು ಅದರ ಮೇಲೆ ಸಿಕ್ಕಿಕೊಳ್ಳುತ್ತವೆ, ಇನ್ನೊಂದು ಪಟ್ಟಿ ಮೇಲೆ ಬಂದು ಮುಚ್ಚಿ ಸುತ್ತಿಕೊಳ್ಳುತ್ತೆ. ಊರಿಗೆ ಬಂದು ಬಿಚ್ಚಿದರೆ ಇಷ್ಟನೇ ಮೈಲಿಯಲ್ಲಿ ಇಂಥವರಿದ್ದರು ಅಂತ ರೇಷ್ಮೆಯೇ ಹೇಳುತ್ತೆ. 1991ರಿಂದ ದಕ್ಷಿಣ ಸಾಗರದಲ್ಲಿ ಇದೇ ಯಂತ್ರದ ಸುಧಾರಿತ ರೂಪವನ್ನು ಎಳೆಯುತ್ತಲೇ ಇದ್ದಾರೆ.

ಗಡಿಗಳು ಸರಿಯುತ್ತಿವೆಯಾ?

ಉತ್ತರದಲ್ಲಿ ಅಟ್ಲಾಂಟಿಕ್ ನೀರು ಬೇರಂಟ್ಸ್ ಸಮುದ್ರದೊಳಗೆ ಮೊದಲಿಗಿಂತ ಮುಂದೆ ಬರುತ್ತಿದೆ, ಜೊತೆಗೆ ಅಲ್ಲಿನ ಜೀವಿಗಳೂ. ಪೆಸಿಫಿಕ್ ಕೋಪೆಪಾಡ್‌ಗಳೂ ಬೇರಿಂಗ್ ದಾಟಿ ತೇಲಿ ಬರುತ್ತವೆ, ಆದರೆ ಆರ್ಕ್ಟಿಕ್‌ನ ಒಳಗೆ ಸಂಸಾರ ಹೂಡಿ ನೆಲೆ ನಿಂತಿಲ್ಲ.

ದಕ್ಷಿಣದ ಲೆಕ್ಕ ಇನ್ನೂ ಚರ್ಚೆಯಲ್ಲಿದೆ. 1920ರ ದಶಕದಿಂದ ಕೂಡಿಟ್ಟ ಬಲೆಯ ದಾಖಲೆಗಳನ್ನು ಒಟ್ಟು ಮಾಡಿ ನೋಡಿದ 2019ರ ಒಂದು ಅಧ್ಯಯನ, ಅಟ್ಲಾಂಟಿಕ್ ಬದಿಯಲ್ಲಿ ಕ್ರಿಲ್ ನೆಲೆ 90 ವರ್ಷದಲ್ಲಿ ಸುಮಾರು 440 ಕಿಲೋಮೀಟರ್ ದಕ್ಷಿಣಕ್ಕೆ ಕುಗ್ಗಿದೆ ಅಂತ ಹೇಳಿತು. ಅದೇ ಬಗೆಯ ದಾಖಲೆ ನೋಡಿದ ಬೇರೆ ವಿಜ್ಞಾನಿಗಳು, ಅಂಥ ಇಳಿಕೆ ತಮಗೆ ಕಾಣುತ್ತಿಲ್ಲ ಅಂದಿದ್ದಾರೆ. ಬಲೆ ಬೇರೆ, ಜಾಗ ಬೇರೆ, ತಿಂಗಳು ಬೇರೆ ಇರುವಾಗ ಈ ಜಗಳ ಬೇಗ ಬಗೆಹರಿಯುವಂಥದ್ದಲ್ಲ.

ಕಡಲ ಚಿಟ್ಟೆಯ ವಿಷಯ ಮಾತ್ರ ಕಣ್ಣಿಗೇ ಕಾಣುತ್ತೆ. ಗಾಳಿಯ ಕಾರ್ಬನ್ ಡೈಆಕ್ಸೈಡನ್ನು ಹೀರಿದಷ್ಟೂ ಕಡಲು ಹುಳಿಯ ಕಡೆ ವಾಲುತ್ತೆ. ಇವುಗಳ ಚಿಪ್ಪು ತೆಳುವಾದ ಸುಣ್ಣ. 2008ರಲ್ಲಿ ದಕ್ಷಿಣ ಸಾಗರದಲ್ಲಿ ಹಿಡಿದ ಜೀವಂತ ಕಡಲ ಚಿಟ್ಟೆಗಳ ಚಿಪ್ಪು ದೊಡ್ಡದು ಮಾಡಿ ನೋಡಿದಾಗ, ಆಳದ ನೀರು ಮೇಲೆದ್ದ ಜಾಗದವುಗಳ ಮೇಲ್ಮೈ ಕರಗಿ ಗೀರುಗೀರಾಗಿತ್ತು.

ಮತ್ತೆ ಆ 6.2 ಲಕ್ಷ ಟನ್

ಈಗ ಮೊದಲಿನ ಪ್ರಶ್ನೆಗೆ ಬರೋಣ. 2019ರ ದೊಡ್ಡ ಸಮೀಕ್ಷೆಯ ಪ್ರಕಾರ ಹಡಗುಗಳು ಕ್ರಿಲ್ ಹಿಡಿಯುವ ಆ ಭಾಗದಲ್ಲಿ ಸುಮಾರು 6 ಕೋಟಿ ಟನ್ ಕ್ರಿಲ್ ಇದೆ. 6.2 ಲಕ್ಷ ಅಂದರೆ ಅದರ ನೂರಕ್ಕೆ ಒಂದು ಪಾಲು. ಲೆಕ್ಕ ಇಷ್ಟೇ ಆಗಿದ್ದರೆ ಚಿಂತೆಯೇ ಬೇಕಿರಲಿಲ್ಲ.

ಆದರೆ ಆ 6 ಕೋಟಿ ಟನ್ ಒಂದೇ ಸಮ ಹರಡಿಲ್ಲ. ಇಳಿಜಾರಿನ ಅಂಚು, ಹರಿವು ಸುತ್ತಿ ನಿಲ್ಲುವ ಜಾಗ, ಐಸ್ ಇದ್ದ ನೀರು, ಇಂಥ ಕಡೆ ಒತ್ತೊತ್ತಾಗಿದೆ. ಹಡಗಿನವರು ಹೋಗುವುದೂ ಅಲ್ಲಿಗೇ, ಯಾಕೆಂದರೆ ಬಲೆ ಬೇಗ ತುಂಬುತ್ತೆ. ಮರಿ ಸಾಕುವ ಪೆಂಗ್ವಿನ್‌ಗಳು ಹೋಗುವುದೂ ಅಲ್ಲಿಗೇ. ಗೂಡಿನಲ್ಲಿ ಮರಿ ಕಾಯುತ್ತಿರುವಾಗ ಪೆಂಗ್ವಿನ್ ತುಂಬಾ ದೂರ ಈಜಲಾರದು. ಅದಕ್ಕೇ ಮುಂಚೆ ಆ 6.2 ಲಕ್ಷ ಟನ್ನನ್ನು ನಾಲ್ಕು ಉಪಭಾಗಗಳಿಗೆ ಹಂಚಿ, ಒಂದೊಂದಕ್ಕೂ ಬೇರೆ ಮಿತಿ ಇಟ್ಟಿದ್ದರು. ಮೀನುಗಾರಿಕೆಯ ನಿಯಮ ಮಾಡುವ ಅಂಟಾರ್ಕ್ಟಿಕ ಜೀವಸಂಪತ್ತಿನ ಆಯೋಗದಲ್ಲಿ ಭಾರತವೂ ಸದಸ್ಯ ದೇಶ. ಅಲ್ಲಿ ತೀರ್ಮಾನ ಆಗಬೇಕಾದರೆ ಎಲ್ಲ ಸದಸ್ಯರೂ ಒಪ್ಪಬೇಕು. ಹಂಚಿಕೆಯ ನಿಯಮ ಮುಂದುವರಿಸಲು 2024ರಲ್ಲಿ ಒಮ್ಮತ ಬರಲಿಲ್ಲ. ನಿಯಮ ಬಿದ್ದುಹೋಯಿತು, ಒಟ್ಟು ಮಿತಿ ಮಾತ್ರ ಉಳಿಯಿತು. ಮರು ಸೀಸನ್‌ನಲ್ಲೇ ಹಡಗುಗಳು ಅಂಟಾರ್ಕ್ಟಿಕ ಪರ್ಯಾಯ ದ್ವೀಪದ ಪಕ್ಕದ ನೀರಿನಲ್ಲಿ ಒಟ್ಟಾದವು, ಆಗಸ್ಟ್‌ಗೆ ಮಿತಿ ತುಂಬಿತು.